ಐದು ಸಾಮಾನಿಗೆ ಐವತ್ತು ನಿಮಿಷ: ಭಾನುವಾರ ದಿನಸಿ ತರುವವರು ನಿಮ್ಮ ಗೋಳು ಇಲ್ಲಿ ಹೇಳಿಕೊಳ್ಳಿ

ಬ್ಯಾಗ್ ಮರೆತವಳು (ಹಾಸನ), ಭಾನುವಾರ ಮಧ್ಯಾಹ್ನ 1.20

ಅಂಗಡಿ ಹೆಸರು ಹೇಳುವುದಿಲ್ಲ, ಕೇಳಬೇಡಿ. ನಾಳೆ ಹಾಲಿಗೆ ಮತ್ತೆ ಅಲ್ಲಿಗೇ ಹೋಗಬೇಕು. ಸಾಲಗಾಮೆ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಬಡಾವಣೆಗಳಲ್ಲಿ ಒಂದು, ಅಷ್ಟು ಸಾಕು. ಮೊದಲು ಅದು ಮಾಮೂಲಿ ದಿನಸಿ ಅಂಗಡಿ. ಈಗ ಗಾಜಿನ ಬಾಗಿಲು, ಬುಟ್ಟಿ, ಬಿಲ್ಲಿಂಗ್ ಮೆಷಿನ್ ಎಲ್ಲ ಬಂದು ಸೂಪರ್ ಮಾರ್ಕೆಟ್ ಆಗಿದೆ. ಜಾಗ ಮಾತ್ರ ಮೊದಲಿನಷ್ಟೇ.

ಇವತ್ತು ನನಗೆ ಬೇಕಿದ್ದದ್ದು ಐದೇ ಐದು ಸಾಮಾನು. ಅರ್ಧ ಕೆಜಿ ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಕಾಲು ಕೆಜಿ ಬೀನ್ಸ್, ಎರಡು ತೆಂಗಿನಕಾಯಿ, ಇಂಗು. ಹನ್ನೊಂದಕ್ಕೆ ಒಳಗೆ ಹೋದೆ. ಹೊರಗೆ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು.

ಒಳಗೆ ಮೂರು ಓಣಿ. ನಡುವಿನ ಓಣಿಯ ಅರ್ಧಕ್ಕೆ ಎಣ್ಣೆ ಬಾಕ್ಸ್ ಪೇರಿಸಿದ್ದಾರೆ. ಅದರ ಮೇಲೆ ಸೋಪಿನ ಪುಡಿ ಜೊತೆ ಫ್ರೀ ಕೊಡುವ ಬಕೆಟ್‌ಗಳ ಗೋಪುರ. ಎದುರಿನಿಂದ ಯಾರಾದರೂ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ನಡೆಯಬೇಕು, ಶಿರಾಡಿ ಘಾಟಿಯಲ್ಲಿ ಲಾರಿ ಎದುರಾದ ಹಾಗೆ. ಬಿಲ್ಲಿನ ಸಾಲು ಬೇರೆ ಬೆಳೆದು ಬೆಳೆದು ಬೇಳೆ ಓಣಿಯೊಳಗೇ ಬಂದು ನಿಂತಿದೆ. ಬೇಳೆ ಬೇಕಾದವರು ನಿಂತವರ ನಡುವೆ ಕೈ ತೂರಿಸಬೇಕು. ತೂರಿಸಿದರೆ "ಸಾಲಲ್ಲಿ ಬನ್ನಿ ಮೇಡಂ" ಅನ್ನುತ್ತಾರೆ. ಸ್ವಾಮಿ, ನಾನು ಬೇಳೆಗೆ ಬಂದಿರುವುದು, ನಿಮ್ಮ ಜಾಗಕ್ಕಲ್ಲ.

ಸಾಲಿನಲ್ಲಿ ನನ್ನ ಮುಂದೆ ಇದ್ದದ್ದು ಮನುಷ್ಯರಲ್ಲ, ಒಂದು ಬುಟ್ಟಿ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಬುಟ್ಟಿ ಇಟ್ಟು ಯಾರೋ ಸಾಮಾನು ಆರಿಸಲು ಹೋಗಿದ್ದಾರೆ. ಸಾಲು ಮುಂದೆ ಹೋದಂತೆಲ್ಲ ನಾನೇ ಕಾಲಿನಿಂದ ಅದನ್ನು ಮುಂದಕ್ಕೆ ತಳ್ಳಿದೆ. ಬಿಟ್ಟು ಮುಂದೆ ಹೋಗಲು ಮನಸ್ಸು ಬರಲಿಲ್ಲ, ನೋಡಿ ನನ್ನ ಬುದ್ಧಿ. ಸರಿಯಾಗಿ ಕೌಂಟರ್ ಮುಟ್ಟಿದಾಗ ಯಜಮಾನರು ಎದೆಗೆ ಅವಚಿಕೊಂಡ ಒಂಬತ್ತು ಪ್ಯಾಕೆಟ್ ಸಮೇತ ಬಂದರು. ಅವರ ಹಿಂದೆ ಅವರ ಮನೆಯವರು. ಮನೆಯವರ ಕೈಯಲ್ಲಿ ಇನ್ನೊಂದು ಬುಟ್ಟಿ.

ಕೊನೆಗೆ ನನ್ನ ಸರದಿ. ಬೀನ್ಸ್ ಕವರಿನ ಮೇಲೆ ತೂಕದ ಸ್ಟಿಕ್ಕರ್ ಇಲ್ಲ. ಮಳೆಗಾಲ ಅಲ್ವಾ, ಕವರ್ ಒದ್ದೆ, ಎಲ್ಲೋ ಕಳಚಿಕೊಂಡಿದೆ. "ಮತ್ತೆ ತೂಕ ಹಾಕಿಸಿಕೊಂಡು ಬನ್ನಿ" ಎಂದಳು ಹುಡುಗಿ. ಹಿಂದಿನವರೆಲ್ಲ ಉಸಿರು ಬಿಟ್ಟ ಸದ್ದು ನನಗೇ ಕೇಳಿಸಿತು. ಅಷ್ಟರಲ್ಲಿ ಹಿಂದೆ ನಿಂತಿದ್ದ ಅಮ್ಮ ಒಬ್ಬರು ನನ್ನ ಮೊಣಕೈ ಹಿಡಿದು ತಿರುಗಿಸಿದರು. "ಇಲ್ಲಿದೆ ನೋಡಮ್ಮ, ಬೀನ್ಸು, ಇನ್ನೂರೈವತ್ತು ಗ್ರಾಂ." ಮೊಣಕೈಯನ್ನೇ ಸ್ಕ್ಯಾನ್ ಮಾಡಿಸಿಕೊಂಡೆ.

ಆಮೇಲೆ ಬ್ಯಾಗ್ ಇದೆಯಾ ಅಂತ ಕೇಳಿದಳು. ನಮ್ಮ ಮನೆ ಬಾಗಿಲ ಹಿಂದೆ ಹದಿನೇಳು ಬ್ಯಾಗ್ ನೇತಾಡುತ್ತಿವೆ. ಹತ್ತು ರೂಪಾಯಿ ಕೊಟ್ಟು ಹದಿನೆಂಟನೆಯದನ್ನು ತಂದೆ.

ಮನೆಗೆ ಬಂದು ನೋಡಿದರೆ ಇಂಗು ಇಲ್ಲ. ಅಂದರೆ ನಾಲ್ಕೇ ಸಾಮಾನಿಗೆ ಐವತ್ತು ನಿಮಿಷ.

ನನಗೆ ಅರ್ಥವಾಗದ ವಿಷಯ ಒಂದೇ. ಆ ಅಂಗಡಿಯಲ್ಲಿ ಬಿಲ್ಲಿಂಗ್ ಕೌಂಟರ್ ಎರಡು ಇವೆ. ಎರಡನೆಯದರ ಮೇಲೆ ಮೊಟ್ಟೆ ಟ್ರೇ ಪೇರಿಸಿದ್ದಾರೆ. ನಿಮ್ಮ ಏರಿಯಾದಲ್ಲೂ ಹೀಗೇನಾ? ಯಾವ ಹೊತ್ತಿಗೆ ಹೋಗುತ್ತೀರಿ?

ಕಡ್ಲೆಪುರಿ

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಾರೆ. ನಿಮಗೆ ತೆಂಗು ಮಾತ್ರ ಸಿಕ್ಕಿದೆ. ಪ್ರಯತ್ನ ಮಾಡಿ.

ಬ್ಯಾಗ್ ಮರೆತವಳು

ಸದ್ಯಕ್ಕೆ ಇಂಗು ತಿಂದ ಮಂಗನ ಹಾಗೆ ಕೂತಿದ್ದೇನೆ, ಇಂಗು ಇಲ್ಲದೆಯೇ.

ಸುಮ್ನೆ ಓದೋನು

ಭಾನುವಾರ ಹನ್ನೊಂದಕ್ಕೆ ಹೋಗಿದ್ದೇ ತಪ್ಪು. ವಾರದ ದಿನ ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ, ಅಂಗಡಿಯಲ್ಲಿ ನೊಣ ಕೂಡ ಇರುವುದಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ನುಗ್ಗಿ ಆಮೇಲೆ ರಶ್ಶು ಅಂತ ಬೈಯುವುದು ಯಾವ ನ್ಯಾಯ?

ಬ್ಯಾಗ್ ಮರೆತವಳು

ವಾರದ ದಿನ ಮಧ್ಯಾಹ್ನ ಮೂರಕ್ಕೆ ನಾನು ಆಫೀಸಿನಲ್ಲಿ ಇರುತ್ತೇನೆ ಸಾರ್. ಬಹುಶಃ ನೊಣವೂ ಎಲ್ಲೋ ಕೆಲಸದ ಮೇಲೆ ಹೋಗಿರುತ್ತದೆ.

ರವೀಂದ್ರನಗರದ ಅತ್ತಿಗೆ

ಭಾನುವಾರ ಹನ್ನೊಂದಕ್ಕೇ ಯಾಕೆ ರಶ್ ಅಂದರೆ ಹೇಳುತ್ತೇನೆ ಕೇಳಿ. ಬೆಳಿಗ್ಗೆ ಎದ್ದು ಗಂಡಸರು ಮಟನ್ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ. ಎಂಟೂವರೆಯೋ ಒಂಬತ್ತೋ ಆಗುತ್ತದೆ. ಮಟನ್ ಮನೆಗೆ ಬಂದ ಮೇಲೆ ಮನೆಯಾಕೆ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಾರೆ. ಗಸಗಸೆ ಇಲ್ಲ, ಚಕ್ಕೆ ಲವಂಗ ತಳಕ್ಕೆ ಬಂದಿದೆ, ಕಾಯಿ ಒಂದೇ ಹೋಳು ಇದೆ, ಪುದೀನ ಬಾಡಿದೆ. ಅದೇ ಗಂಡಸರು ಅದೇ ಚೀಲ ಹಿಡಿದು ಮತ್ತೆ ಹೊರಡುತ್ತಾರೆ. ಒಂದು ಬೀದಿಯ ಎಲ್ಲ ಮನೆಯಲ್ಲೂ ಇದೇ ಆದರೆ ಹತ್ತೂವರೆಯಿಂದ ಹನ್ನೆರಡರ ತನಕ ಅಂಗಡಿಯೊಳಗೆ ಕಾಲಿಡಲು ಜಾಗ ಎಲ್ಲಿ? ಶ್ರಾವಣದಲ್ಲಿ ಈ ಸಾಲು ಕರಗುತ್ತದೆ. ಆದರೆ ಆಗ ವರಮಹಾಲಕ್ಷ್ಮಿ ಹಬ್ಬ, ಹಿಂದೆಯೇ ಗೌರಿ ಗಣೇಶ. ಒಟ್ಟಿನಲ್ಲಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಶನಿವಾರ ಹೋಗೋಣ ಅಂದರೆ ನಮ್ಮತ್ತೆ ಬಿಡುವುದಿಲ್ಲ. ಶನಿವಾರ ಎಣ್ಣೆ ಮನೆಗೆ ತರಬಾರದು. ಒಂದು ಸಲ ತಂದು ಸ್ಕೂಟರ್ ಡಿಕ್ಕಿಯಲ್ಲೇ ಬಚ್ಚಿಟ್ಟು ಭಾನುವಾರ ಬೆಳಿಗ್ಗೆ ಒಳಗೆ ತಂದೆ. ಶನಿದೇವರಿಗೆ ಗೊತ್ತಾಗಲಿಲ್ಲ. ಅತ್ತೆಗೆ ಗೊತ್ತಾಯಿತು.

ಕಡ್ಲೆಪುರಿ

ಎರಡನೇ ಶನಿವಾರ, ನಾಲ್ಕನೇ ಶನಿವಾರ ಸರ್ಕಾರಿ ನೌಕರರಿಗೂ ಬ್ಯಾಂಕಿನವರಿಗೂ ರಜೆ. ಆ ಶನಿವಾರಗಳೂ ಈಗ ಭಾನುವಾರದ ತಮ್ಮನ ಹಾಗೇ ಆಗಿವೆ.

ಸಾಲಿನ ಲೆಕ್ಕ

ನಾನು ಕಾಲೇಜಿನಲ್ಲಿ ಪಾಠ ಮಾಡುವವನು. ಮೊಟ್ಟೆ ಟ್ರೇ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ.

ಒಬ್ಬರ ಬಿಲ್ಲಿಗೆ ಸರಾಸರಿ 3 ನಿಮಿಷ ಬೇಕು ಅಂದುಕೊಳ್ಳಿ. ಹಾಗಾದರೆ ಒಂದು ಕೌಂಟರಿನಲ್ಲಿ ಗಂಟೆಗೆ 20 ಜನರ ಬಿಲ್ ಆಗುತ್ತದೆ. ಗಂಟೆಗೆ ಬರುವವರು 15 ಜನ ಆದರೆ ಕಾಯುವುದೂ ಬಿಲ್ಲೂ ಸೇರಿ ಒಬ್ಬರಿಗೆ ಸರಾಸರಿ 12 ನಿಮಿಷ ಹಿಡಿಯುತ್ತದೆ. ತಡೆದುಕೊಳ್ಳಬಹುದು. ಈಗ 18 ಜನ ಬರುತ್ತಾರೆ ಅನ್ನಿ. ಇನ್ನೂ ಇಬ್ಬರಿಗೆ ಜಾಗ ಇದೆಯಲ್ಲ ಅಂತ ಅಂಗಡಿಯವರಿಗೆ ಅನ್ನಿಸುತ್ತದೆ. ಆದರೆ ಆ 12 ನಿಮಿಷ 30 ನಿಮಿಷಕ್ಕೆ ಹೋಗುತ್ತದೆ. 19 ಜನ ಆದರೆ ಒಂದು ಗಂಟೆ. ಬರೀ ಒಬ್ಬರು ಹೆಚ್ಚಾದದ್ದಕ್ಕೆ ಅರ್ಧ ಗಂಟೆ ಜಾಸ್ತಿ.

ಯಾಕೆ ಹೀಗೆ? ಜನ ಮೂರು ನಿಮಿಷಕ್ಕೊಬ್ಬರಂತೆ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಹತ್ತು ನಿಮಿಷ ಯಾರೂ ಇಲ್ಲ, ಆಮೇಲೆ ಒಟ್ಟಿಗೆ ಆರು ಜನ. ಹುಡುಗಿ ಖಾಲಿ ಕೂತ ಹತ್ತು ನಿಮಿಷ ವಾಪಸ್ ಸಿಗುವುದಿಲ್ಲ. ಬಿಲ್ಲುಗಳೂ ಒಂದೇ ಉದ್ದ ಇರುವುದಿಲ್ಲ. ಒಬ್ಬರದು ಬ್ರೆಡ್ಡು, ಇನ್ನೊಬ್ಬರದು ತಿಂಗಳ ಸಾಮಾನು.

ಈಗ ಮೊಟ್ಟೆ ಟ್ರೇ ಎತ್ತಿ. ಅದೇ 18 ಜನ, ಕೌಂಟರ್ ಎರಡು, ಸಾಲು ಮಾತ್ರ ಒಂದೇ. ಯಾವ ಕೌಂಟರ್ ಖಾಲಿಯಾದರೂ ಮುಂದೆ ನಿಂತವರು ಅಲ್ಲಿಗೆ ಹೋಗಬೇಕು. ಆಗ 30 ನಿಮಿಷ ಹದಿನೈದಕ್ಕೆ ಇಳಿಯುತ್ತದೆ ಅಂದುಕೊಂಡಿರಾ? ಇಲ್ಲ, 4 ನಿಮಿಷಕ್ಕೂ ಕಡಿಮೆ ಆಗುತ್ತದೆ.

ಇದು ನನ್ನ ಸ್ವಂತ ಸಂಶೋಧನೆ ಏನಲ್ಲ. ಡೆನ್ಮಾರ್ಕಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬುವರು ಕರೆಗಳ ದಟ್ಟಣೆಯ ಲೆಕ್ಕವನ್ನು 1909ರಲ್ಲೇ ಬರೆದಿದ್ದರು. ಸಾಲಿನ ಲೆಕ್ಕವೆಲ್ಲ ಅಲ್ಲಿಂದ ಬೆಳೆದದ್ದು. ಅವರಿಗೆ ಮೊಟ್ಟೆ ಟ್ರೇ ಅಡ್ಡ ಇರಲಿಲ್ಲ ಅಂತ ಕಾಣುತ್ತದೆ.

ಸುಮ್ನೆ ಓದೋನು

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ಆದರೆ ಎರಡು ಸಾಲು ಮಾಡಿದರೆ ಪಕ್ಕದ ಸಾಲೇ ಬೇಗ ಹೋಗುತ್ತದಲ್ಲ, ಅದಕ್ಕೆ ಏನು ಸೂತ್ರ?

ಸಾಲಿನ ಲೆಕ್ಕ

ಅದಕ್ಕೇ ಒಂದೇ ಸಾಲು ಮಾಡಿ ಅಂದದ್ದು. ಬೈಯಲು ಪಕ್ಕದ ಸಾಲೇ ಇರುವುದಿಲ್ಲ.

ಬಿಲ್ ಹಾಕ್ತಿದ್ದೆ

ನಾನು ಎರಡು ವರ್ಷ ಇಂಥದ್ದೇ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಮಾಡಿದ್ದೇನೆ. ಹಾಸನದಲ್ಲೇ. ಊರಿನ ಹೆಸರಿಗಿಂತ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಹುಡುಗಿ ನಿಧಾನ ಅನ್ನುತ್ತೀರಿ, ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಸ್ವಲ್ಪ ಕೇಳಿ.

ಇಪ್ಪತ್ತು ಸಾಮಾನು ಸ್ಕ್ಯಾನ್ ಮಾಡಲು ಒಂದು ನಿಮಿಷ ಸಾಕು. ಹೊತ್ತು ಹೋಗುವುದು ಅಲ್ಲಲ್ಲ. ಪೂರ್ತಿ ಸ್ಕ್ಯಾನ್ ಆಗಿ ಮೊತ್ತ ಹೇಳಿದ ಮೇಲೆ "ಅಯ್ಯೋ ಮೊಸರು ಮರೆತೆ" ಅಂತ ಓಡುತ್ತಾರೆ. ಬಿಲ್ಲನ್ನು ಪಕ್ಕಕ್ಕೆ ಇಟ್ಟು ಮುಂದಿನವರದ್ದು ಹಾಕಲು ಮೆಷಿನ್ನಿನಲ್ಲಿ ಬಟನ್ ಇದೆ. ಹಾಗೆ ಮಾಡಿದರೆ ಮೊಸರು ತಂದವರು "ನನ್ನನ್ನು ಬಿಟ್ಟು ಅವರದ್ದು ಹ್ಯಾಗೆ ಹಾಕಿದೆ?" ಅಂತ ಜಗಳಕ್ಕೆ ಬರುತ್ತಾರೆ.

ದುಡ್ಡು ಕೊಡುವುದು ಇನ್ನೊಂದು ಕಥೆ. ಬಿಲ್ಲಾಗುವ ತನಕ ಫೋನ್ ಬ್ಯಾಗಿನೊಳಗೇ ಇರುತ್ತದೆ. ಆಮೇಲೆ ಹುಡುಕುತ್ತಾರೆ. ಸಿಕ್ಕಿದ ಮೇಲೆ ಒಳಗೆ ನೆಟ್‌ವರ್ಕ್ ಇರುವುದಿಲ್ಲ. ಚಕ್ರ ತಿರುಗುತ್ತಲೇ ಇರುತ್ತದೆ. ಫೋನ್ ಎತ್ತಿ ಹಿಡಿದುಕೊಂಡು ಬಾಗಿಲ ತನಕ ನಡೆದು ಹೋಗುತ್ತಾರೆ, ಮಂಗಳಾರತಿ ತಟ್ಟೆ ಹಿಡಿದ ಹಾಗೆ. ನಾವು ಡಬ್ಬಿ ಕಡೆ ಕಿವಿ ಇಟ್ಟು ಕಾಯಬೇಕು, ಅದು ಇಷ್ಟು ರೂಪಾಯಿ ಬಂತು ಅಂತ ಹೇಳುವವರೆಗೆ. ಅದು ಹೇಳದೆ ಬಿಟ್ಟರೆ ದಿನದ ಕೊನೆಗೆ ಗಲ್ಲಾದಲ್ಲಿ ಕಡಿಮೆ ಬಿದ್ದದ್ದು ನಮ್ಮ ಸಂಬಳದಲ್ಲಿ ಮುರಿಯುತ್ತಿದ್ದರು.

ಇನ್ನೊಂದು ವಿಷಯ. ಕುರ್ಚಿ ಇರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟೂವರೆ ತನಕ ನಿಂತೇ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕಾನೂನು ತಂದರು. ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿದ್ದರು. ಅದನ್ನು ನಾನು ಊಟದ ಹೊತ್ತಲ್ಲಿ ಫೋನಿನಲ್ಲಿ ಓದಿದ್ದು. ಓದಿದ್ದೂ ನಿಂತುಕೊಂಡೇ.

ಬ್ಯಾಗ್ ಮರೆತವಳು

ಈ ಮಾತು ನನಗೆ ನಾಟಿತು. ಆ ಹುಡುಗಿಯ ಮುಖ ಕೂಡ ನಾನು ಸರಿಯಾಗಿ ನೋಡಿರಲಿಲ್ಲ. ಮೊಣಕೈ ಸ್ಕ್ಯಾನ್ ಮಾಡುವಾಗ ಅವಳು ನಕ್ಕಿದ್ದು ಮಾತ್ರ ನೆನಪಿದೆ.

ದೊಡ್ಡ ಬುಟ್ಟಿ

ಬುಟ್ಟಿ ಇಟ್ಟು ಹೋಗುವವರಲ್ಲಿ ನಾನೂ ಒಬ್ಬ. ಒಪ್ಪಿಕೊಳ್ಳುತ್ತೇನೆ. ಹೆಂಡತಿ ಸಾಲಿನಲ್ಲಿ, ನಾನು ಓಣಿಯಲ್ಲಿ, ಮಗ ಚಾಕಲೇಟ್ ಹತ್ತಿರ. ಹೀಗೆ ಹಂಚಿಕೊಳ್ಳದಿದ್ದರೆ ಮಧ್ಯಾಹ್ನದ ಊಟ ಸಂಜೆಗೆ ಆಗುತ್ತದೆ. ಬಿಲ್ಲು ಹಾಕುವ ಜಾಗದ ಪಕ್ಕ ಸರಿಯಾಗಿ ಮಕ್ಕಳ ಕಣ್ಣಿನ ಎತ್ತರಕ್ಕೆ ಚಾಕಲೇಟ್ ಜೋಡಿಸುವವರನ್ನು ಮೊದಲು ಕೇಳಿ. ನನ್ನ ಮಗ ನಾಲ್ಕು ವರ್ಷದವನು. ಹತ್ತು ನಿಮಿಷ ಆ ಕಪಾಟಿನ ಎದುರು ನಿಲ್ಲಿಸಿದರೆ ಯಾವ ಋಷಿಯ ತಪಸ್ಸೂ ಕೆಡುತ್ತದೆ.

ರವೀಂದ್ರನಗರದ ಅತ್ತಿಗೆ

ನೀವು ಖಾಲಿ ಬುಟ್ಟಿ ಇಟ್ಟು ಹೋಗುತ್ತೀರಾ, ತುಂಬಿದ್ದಾ? ಖಾಲಿ ಇದ್ದರೆ ನಾನು ಇನ್ನುಮುಂದೆ ಅದರೊಳಗೆ ನನ್ನ ಸಾಮಾನು ಹಾಕುತ್ತೇನೆ.

ಆಲೂರು ಕಡೆಯವ

ನಾವು ತೋಟದ ಕಡೆಯವರು. ತಿಂಗಳಿಗೆ ಎರಡು ಭಾನುವಾರ ಹಾಸನಕ್ಕೆ ಬಂದು ಎಲ್ಲ ಒಟ್ಟಿಗೆ ತಗೊಂಡು ಹೋಗುತ್ತೇವೆ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತರುವ ಆ್ಯಪುಗಳ ಹುಡುಗರು ನಮ್ಮ ಗೇಟಿನ ತನಕ ಬರಬೇಕಾದರೆ ಹತ್ತು ನಿಮಿಷ ಅಲ್ಲ, ಹತ್ತು ತಿರುವು ದಾಟಿ ಆನೆಯನ್ನೂ ಕೇಳಿಕೊಂಡು ಬರಬೇಕು.

ನಮ್ಮ ಕಷ್ಟ ಅಕ್ಕಿ ಮೂಟೆ. ಮೊದಲು 25 ಕೆಜಿ ಚೀಲ ಇತ್ತು, ಈಗ ಎಲ್ಲಿ ಕೇಳಿದರೂ 26 ಕೆಜಿ. ಆ ಒಂದು ಕೆಜಿ ಯಾಕೆ ಜಾಸ್ತಿ ಅಂತ ಕೇಳಿದರೆ ಅಂಗಡಿ ಹುಡುಗ "ಕಂಪನಿಯೋರು ಹಂಗೇ ಕಳಿಸ್ತಾರೆ ಸಾರ್" ಅನ್ನುತ್ತಾನೆ. ಅದನ್ನು ಎತ್ತಿಕೊಂಡು ಸಾಲಿನಲ್ಲಿ ನಿಲ್ಲುವುದು ಹೇಗೆ? ಕೆಳಗಿಟ್ಟರೆ ದಾರಿಗೆ ಅಡ್ಡ, ಹೆಗಲ ಮೇಲಿಟ್ಟರೆ ಬಕೆಟ್ ಗೋಪುರ ಬೀಳುತ್ತದೆ.

ಅಂಗಡಿ ಮನೆಯವನು

26 ಕೆಜಿಯ ಗುಟ್ಟು ನಾನು ಹೇಳುತ್ತೇನೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟು, 25 ಕೆಜಿ ಒಳಗಿದ್ದರೆ ಶೇಕಡಾ 5 ಜಿಎಸ್‌ಟಿ ಅಂತ ಬಂತು. 25 ದಾಟಿದ ಚೀಲಕ್ಕೆ ಇಲ್ಲ. ಮಿಲ್ಲಿನವರು ಒಂದು ಕೆಜಿ ಸೇರಿಸಿದರು, ಅಷ್ಟೇ. ಸಾಲಿನಲ್ಲಿ ಹೊರಬೇಡಿ ಸಾರ್. ಬಿಲ್ ಕೌಂಟರಿಗೆ ಬಂದು "ಒಂದು ಮೂಟೆ ಸೋನಾಮಸೂರಿ" ಅಂದರೆ ಸಾಕು. ಹುಡುಗ ಗೋಡೌನಿನಿಂದ ಸೀದಾ ಗಾಡಿಗೆ ಹಾಕುತ್ತಾನೆ. ಇದನ್ನು ಯಾವ ಅಂಗಡಿಯವರೂ ಬೋರ್ಡ್ ಹಾಕಿ ಹೇಳುವುದಿಲ್ಲ, ಅದು ನಮ್ಮ ತಪ್ಪು.

ನಾನು ಅಂಗಡಿ ಇಟ್ಟವರ ಮನೆಯವನು. ಮೇಲೆ ಹೇಳಿದ ಅಂಗಡಿ ನಮ್ಮದಲ್ಲ, ನಮ್ಮಲ್ಲಿ ಎರಡನೇ ಕೌಂಟರೇ ಇಲ್ಲ. ಆದರೆ ಮೊಟ್ಟೆ ಟ್ರೇ ಯಾಕೆ ಅಲ್ಲಿ ಬಂತು ಅಂತ ಊಹಿಸಬಲ್ಲೆ. ಜನ ಇಲ್ಲ. ಕೆಲಸಕ್ಕೆ ಹುಡುಗರು ಸಿಗುವುದಿಲ್ಲ. ಪಿಯುಸಿ ಮುಗಿದ ಕೂಡಲೇ ಬೆಂಗಳೂರು ಬಸ್ ಹತ್ತುತ್ತಾರೆ. ಇರುವ ಒಂದಿಬ್ಬರು ಭಾನುವಾರ ರಜೆ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಅವರಿಗೂ ಮನೆ ಇದೆ, ಮಟನ್ ಇದೆ. ವಾರವಿಡೀ ಖಾಲಿ ಕೂತು ಭಾನುವಾರ ಎರಡು ಗಂಟೆ ಮಾತ್ರ ಬೇಕಾಗುವ ಒಬ್ಬರಿಗೆ ತಿಂಗಳ ಸಂಬಳ ಕೊಡುವುದು ಸಣ್ಣ ಅಂಗಡಿಗೆ ಕಷ್ಟ. ಅಕ್ಕಿ, ಸಕ್ಕರೆ, ಎಣ್ಣೆಯಲ್ಲಿ ನಮಗೆ ಉಳಿಯುವುದು ಅಷ್ಟಕ್ಕಷ್ಟೇ.

ದರದ ಜಗಳವೂ ಇದೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಯಿತು. ಸೋಪು, ಶಾಂಪೂ, ಟೂತ್‌ಪೇಸ್ಟ್ ಶೇಕಡಾ 18ರಿಂದ 5ಕ್ಕೆ. ಬೆಣ್ಣೆ, ತುಪ್ಪ 12ರಿಂದ 5ಕ್ಕೆ. ಒಳ್ಳೆಯದೇ. ಆದರೆ ಕಪಾಟಿನಲ್ಲಿ ಹಳೇ ದರ ಮುದ್ರಿಸಿದ ಮಾಲು, ಕಂಪ್ಯೂಟರಿನಲ್ಲಿ ಹೊಸ ದರ. ಆ ತಿಂಗಳು ಪ್ರತಿ ಬಿಲ್ಲಿಗೂ ಒಂದು ಭಾಷಣ. ನಮ್ಮಪ್ಪ ಗಂಟಲು ಕಟ್ಟಿಸಿಕೊಂಡು ಬಿಸಿನೀರು ಕುಡಿಯುತ್ತಾ ಬಿಲ್ ಹಾಕಿದರು.

ನಿಮ್ಮಲ್ಲಿ ಒಂದು ಕೇಳಿಕೆ. ಸಾಲಿನಲ್ಲಿ ನಿಂತು ಬೇಜಾರಾಗಿ ವಾಪಸ್ ಹೋಗುವವರು ಹಾಲಿನ ಪ್ಯಾಕೆಟನ್ನು ಬಿಸ್ಕತ್ತಿನ ಹಿಂದೆ ಇಟ್ಟು ಹೋಗಬೇಡಿ. ಅದು ಇದೆ ಅಂತ ನಮಗೆ ಗೊತ್ತಾಗುವುದು ಮಂಗಳವಾರ, ಕಣ್ಣಿಂದ ಅಲ್ಲ, ಮೂಗಿನಿಂದ.

ಬ್ಯಾಗ್ ಮರೆತವಳು

ಅಣ್ಣಾ, ಹಾಲಿನ ಪ್ಯಾಕೆಟ್ ನಾನಲ್ಲ. ಆದರೆ ಒಮ್ಮೆ ಪನೀರನ್ನು ಅಗರಬತ್ತಿ ಪಕ್ಕ ಇಟ್ಟದ್ದು ನಿಜ.

ಗೊಣಗುವವನು

ಅಂಗಡಿಯವರ ಕಷ್ಟ ಕೇಳಿ ಕಣ್ಣೀರು ಬಂತು. ಇನ್ನು ನನ್ನದು. ಕಪಾಟಿನ ಮೇಲೆ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು. "ಆಫರ್ ನಿನ್ನೆಗೆ ಮುಗೀತು" ಅನ್ನುತ್ತಾರೆ, ಚೀಟಿ ಮಾತ್ರ ಇನ್ನೂ ಅಲ್ಲೇ ಅಂಟಿದೆ. ಹಿಂದೆ ಹತ್ತು ಜನ ನಿಂತಿರುವಾಗ ಏಳು ರೂಪಾಯಿಗೆ ಜಗಳ ಆಡಲು ನಾಚಿಕೆ ಆಗುತ್ತದೆ. ಸಾಲು ಉದ್ದ ಇದ್ದಷ್ಟೂ ಅಂಗಡಿಗೆ ಲಾಭ, ಯಾರೂ ಬಿಲ್ ಓದುವುದಿಲ್ಲ. ಚಿಲ್ಲರೆ ಬದಲು ಚಾಕಲೇಟ್ ಕೊಡುವುದು ಈಗ ಫೋನಿನಲ್ಲಿ ದುಡ್ಡು ಕಳಿಸುವುದು ಬಂದ ಮೇಲೆ ಕಡಿಮೆ ಆಗಿದೆ, ಅದೊಂದು ಸಮಾಧಾನ.

ಮತ್ತೆ ಆ ಮೊಬೈಲ್ ನಂಬರ್! "ನಂಬರ್ ಹೇಳಿ ಸಾರ್" ಅಂದರೆ ಹತ್ತು ಜನರ ಎದುರು ಗಟ್ಟಿಯಾಗಿ ಹತ್ತು ಅಂಕಿ ಒಪ್ಪಿಸಬೇಕು, ಮಗ್ಗಿ ಹೇಳಿದ ಹಾಗೆ. ಬಿಲ್ ಮಾಡಲು ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. 2023ರ ಮೇ ತಿಂಗಳಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಯವರಿಗೆ ಹೀಗೆಂದು ಸೂಚನೆ ಕೊಟ್ಟಿದೆ. ಬೇಡ ಅನ್ನಿ ಸಾಕು. ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ.

ಅಂಗಡಿ ಮನೆಯವನು

ಸಾಲು ಉದ್ದ ಇದ್ದರೆ ನಮಗೆ ಲಾಭ ಅನ್ನುವುದು ಸುಳ್ಳು. ಬಾಗಿಲಿಂದಲೇ ನೋಡಿ ವಾಪಸ್ ಹೋಗುವವರ ಬೆನ್ನು ಗಲ್ಲಾದ ಮೇಲೆ ಕೂತವರಿಗೆ ಚೆನ್ನಾಗಿ ಕಾಣುತ್ತದೆ. ದರದ ಚೀಟಿ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಅರಸೀಕೆರೆ ಮೊಮ್ಮಗ

ನಮ್ಮ ತಾತನ ಕಾಲದಲ್ಲಿ ಈ ಗೋಳು ಇರಲಿಲ್ಲ. ಹಳೇದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ, ಪೂರ್ತಿ ಕೇಳಿ.

ಅಜ್ಜಿ ಚೀಟಿ ಬರೆಸುತ್ತಿದ್ದರು. ಬರೆಯುವವನು ನಾನು. "ತೊ.ಬೇಳೆ 2, ಕ.ಬೇಳೆ 1, ಬೆಲ್ಲ 2 ಅಚ್ಚು, ಹುಣಸೆಹಣ್ಣು ಅರ್ಧ." ಕೊನೆಗೆ ಯಾವಾಗಲೂ ಒಂದು ಸಾಲು: "ಕಲ್ಲು ಇಲ್ಲದ ಅಕ್ಕಿ ಕೊಡಿ". ಚೀಟಿಯನ್ನು ಅಂಗಡಿಯಲ್ಲಿ ಕೊಟ್ಟು ಮನೆಗೆ ಬರುವುದು. ಶೆಟ್ಟರು ಅದನ್ನು ಮೊಳೆಗೆ ಚುಚ್ಚುತ್ತಿದ್ದರು. ಸಂಜೆ ಹೋದರೆ ಎಲ್ಲ ನ್ಯೂಸ್ ಪೇಪರಿನಲ್ಲಿ ಕಟ್ಟಿ, ಟ್ವೈನ್ ದಾರ ಸುತ್ತಿ, ಚೀಲಕ್ಕೆ ತುಂಬಿ ಇಟ್ಟಿರುತ್ತಿದ್ದರು. ದಾರದ ಉಂಡೆ ಮೇಲಿನಿಂದ ನೇತಾಡುತ್ತಿತ್ತು. ಅದನ್ನು ಬೆರಳಿಗೆ ಸುತ್ತಿ ಪಟ್ ಅಂತ ತುಂಡು ಮಾಡುವುದನ್ನು ನೋಡಲೆಂದೇ ನಾನು ನಿಲ್ಲುತ್ತಿದ್ದೆ. ಮನೆಗೆ ಬಂದು ಎಷ್ಟು ಸಲ ಪ್ರಯತ್ನಿಸಿದರೂ ಬೆರಳು ಕುಯ್ದುಕೊಂಡದ್ದೇ ಬಂತು.

ಅಲ್ಲಿ ಆರಿಸುವವರು, ತೂಗುವವರು, ಕಟ್ಟುವವರು ಎಲ್ಲ ಅಂಗಡಿಯವರೇ. ಈಗ ಹುಡುಕುವುದು ನಾವು, ಬುಟ್ಟಿಗೆ ಹಾಕುವುದು ನಾವು, ಹೊರುವುದು ನಾವು, ಬ್ಯಾಗಿಗೆ ತುಂಬುವುದೂ ನಾವು. ನಾವೇ ಬುಟ್ಟಿ ಹಿಡಿದು ತಿರುಗುವ ಈ ಪದ್ಧತಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಪಿಗ್ಲಿ ವಿಗ್ಲಿ ಅನ್ನುವ ಅಂಗಡಿ ತಂದಿತಂತೆ. ಕೆಲಸದವರು ಕಡಿಮೆ ಸಾಕು, ಸಾಮಾನು ಅಗ್ಗ, ಅದು ಲೆಕ್ಕ. ಕೆಲಸ ನಮ್ಮ ತಲೆಗೆ ಬಂತು. ಕೆಲಸ ಮಾಡುವವರು ಒಂದೇ ಹೊತ್ತಿಗೆ ಅರವತ್ತು ಜನ ಬಂದರೆ ಯಾವ ಅಂಗಡಿ ಸಾಕಾಗುತ್ತದೆ?

ಆದರೆ ಚೀಟಿ ಕಾಲದಲ್ಲಿ ಏನು ಕೊಡುತ್ತಾರೋ ಅದನ್ನೇ ತರಬೇಕಿತ್ತು. ಅಜ್ಜಿ ಎಷ್ಟು ಸಲ ಬರೆಸಿದರೂ ಅಕ್ಕಿಯಲ್ಲಿ ಕಲ್ಲು ಇದ್ದೇ ಇರುತ್ತಿತ್ತು. ಲೆಕ್ಕ ಪುಸ್ತಕದಲ್ಲಿ ಬಾಕಿ ಇದ್ದರೆ ಬಾಯಿ ಬಿಡುವ ಹಾಗೂ ಇರಲಿಲ್ಲ.

ಅಂಗಡಿ ಮನೆಯವನು

ನಮ್ಮಲ್ಲಿ ಚೀಟಿ ಈಗಲೂ ಇದೆ. ವಾಟ್ಸಾಪಿನಲ್ಲಿ ಬರುತ್ತದೆ. ಶುಕ್ರವಾರ ರಾತ್ರಿ ಕಳಿಸಿದರೆ ಶನಿವಾರ ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ಕಟ್ಟಿ ಇಡುತ್ತೇವೆ. ಭಾನುವಾರ ಬಂದು ದುಡ್ಡು ಕೊಟ್ಟು ಎತ್ತಿಕೊಂಡು ಹೋದರೆ ಆಯಿತು. ಎಷ್ಟೋ ಅಂಗಡಿಯವರು ಮಾಡುತ್ತಾರೆ, ಕೇಳಿದರೆ. ಕಷ್ಟ ಒಂದೇ, ಕೆಲವರು ಮಾತಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ನಾಲ್ಕು ನಿಮಿಷದ ರೆಕಾರ್ಡಿಂಗ್, ಹಿಂದೆ ಕುಕ್ಕರ್ ಕೂಗುತ್ತಿರುತ್ತದೆ. "ಸಾಸಿವೆ ಕಾಲು ಕೆಜಿ, ಅಲ್ಲ ಬೇಡ, ಮನೇಲಿದೆ ಅನ್ಸುತ್ತೆ, ಇರಿ ನೋಡ್ತೀನಿ."

ಆಲೂರು ಕಡೆಯವ

ಇದು ಒಳ್ಳೆಯ ದಾರಿ. ತರಕಾರಿ ಮಾತ್ರ ಚೀಟಿಗೆ ಬೇಡ. ಅದಕ್ಕೆ ಬೆಳಿಗ್ಗೆ ಬೇಗ ಕಟ್ಟಿನಕೆರೆ ಮಾರ್ಕೆಟ್ಟಿಗೇ ಹೋಗಿ, ಕೈಯಲ್ಲಿ ಮುಟ್ಟಿ ನೋಡಿ ತನ್ನಿ. ಮೊಣಕೈಗೆ ಸ್ಟಿಕ್ಕರ್ ಅಂಟುವ ಕಾಟವೂ ಇಲ್ಲ.

ಬ್ಯಾಗ್ ಮರೆತವಳು, ಮುಂದಿನ ಭಾನುವಾರ ಸಂಜೆ 5.30

ವರದಿ ಒಪ್ಪಿಸಲು ಬಂದೆ.

ಬುಧವಾರ ಹಾಲಿಗೆ ಹೋದಾಗ ಯಜಮಾನರು ಒಬ್ಬರೇ ಕೂತಿದ್ದರು. ಮೇಷ್ಟ್ರ ಲೆಕ್ಕ ಹೇಳಿದೆ. ಮೂವತ್ತು ನಿಮಿಷ ನಾಲ್ಕಾಗುತ್ತದೆ ಅಂದರೆ ನಂಬಲಿಲ್ಲ, "ಹದಿನೈದು ಅನ್ನಿ ಮೇಡಂ, ಒಪ್ಪಬಹುದು" ಎಂದರು, ಚೌಕಾಸಿ ಮಾಡುವವರ ಹಾಗೆ. ಮೊಟ್ಟೆ ಟ್ರೇ ಎಲ್ಲಿಡಲಿ ಅಂತ ನನ್ನನ್ನೇ ಕೇಳಿದರು. ಫ್ರಿಜ್ ಪಕ್ಕ ಬಕೆಟ್ ಗೋಪುರ ಇದೆಯಲ್ಲ, ಅದನ್ನು ಕರಗಿಸಿ ಅಂದೆ. ನಕ್ಕರು.

ಇವತ್ತು ಹತ್ತೂವರೆಗೆ ಹೋದೆ. ಬಕೆಟ್ ಅಲ್ಲೇ ಇವೆ. ಆದರೆ ಎರಡನೇ ಕೌಂಟರಿನಲ್ಲಿ ಅವರ ಮಗಳು ಕೂತಿದ್ದಾಳೆ, ಕಾಲೇಜು ಹುಡುಗಿ. ಟ್ರೇಗಳು ಅವಳ ಕುರ್ಚಿಯ ಹಿಂದೆ ಹೋಗಿವೆ. ಒಂದನೇ ಕೌಂಟರಿನ ಹುಡುಗಿಗೂ ಒಂದು ಪ್ಲಾಸ್ಟಿಕ್ ಸ್ಟೂಲ್ ಬಂದಿದೆ. ಅದು ನನ್ನ ಮಾತಿನಿಂದ ಅಂತ ಹೇಳಿಕೊಳ್ಳುವುದಿಲ್ಲ, ಬಹುಶಃ ಮಗಳು ಕೂತಿದ್ದನ್ನು ನೋಡಿ ಯಜಮಾನರಿಗೇ ಅನ್ನಿಸಿರಬೇಕು.

ಸಾಲು ಮಾತ್ರ ಎರಡು. ಒಂದೇ ಸಾಲು ಮಾಡಿ ಅಂತ ಹೇಳಿದೆ, ಯಾರೂ ಕೇಳಲಿಲ್ಲ. ನಾನು ನಿಂತ ಸಾಲಿನಲ್ಲಿ ಮುಂದೆ ಇದ್ದವರು ಪೂರ್ತಿ ಬಿಲ್ಲಾದ ಮೇಲೆ ಮೊಸರಿಗೆ ಓಡಿದರು. ಪಕ್ಕದ ಸಾಲಿನಲ್ಲಿ ನನಗಿಂತ ಹಿಂದೆ ಬಂದವರು ಮೂವರು ಬಿಲ್ ಮಾಡಿಸಿ ಹೋದರು. ಆದರೂ ಹದಿನೆಂಟು ನಿಮಿಷ. ಬ್ಯಾಗ್ ಮರೆಯಲಿಲ್ಲ. ಇಂಗು ಒಂದರ ಬದಲು ಎರಡು ಡಬ್ಬಿ ತಂದೆ.

ಮನೆಗೆ ಬಂದು ಎಲ್ಲ ಜೋಡಿಸುವಾಗ ಅತ್ತೆ ಕೇಳಿದರು, ಉಪ್ಪು ಎಲ್ಲಿ ಅಂತ.

ರವೀಂದ್ರನಗರದ ಅತ್ತಿಗೆ

ಈಗಲೇ ಓಡಿ. ದೀಪ ಹಚ್ಚಿದ ಮೇಲೆ ಪಕ್ಕದ ಮನೆಯವರೂ ಉಪ್ಪು ಕೊಡುವುದಿಲ್ಲ.